ಖಾರ್ಘರ್‌ದಾಗ ಬಿಳೀ ಆಕ್ಟೇವಿಯಾ ಆರ್‌ಎಸ್ 245 ನೋಡೀನಿ, ಖರೇ ಐತೋ ಡುಪ್ಲಿಕೇಟೋ ಹೇಳ್ರಿ

ವಾಕಡ್ ಧಾರವಾಡಿ
ಸೋಮವಾರ, ರಾತ್ರಿ 10:52

ನಮಸ್ಕಾರ್ರೀ ಎಲ್ಲಾರಿಗೂ. ಊರು ಧಾರವಾಡ, ಹನ್ನೊಂದು ವರ್ಷ ಆತು ಪುಣೆದಾಗ ವಾಕಡ್ ಕಡೆ ಅದೀನಿ. ಸ್ಕೋಡಾದ ಜೋರು ಕಾರು ಆಕ್ಟೇವಿಯಾ ಆರ್‌ಎಸ್ 245 ಅನ್ನೋ ಹುಳ 2020ರಿಂದ ತಲ್ಯಾಗ ಹೊಕ್ಕು ಕುಂತೈತಿ. ಆವಾಗ ಶೋರೂಮ್ ರೇಟು 35.99 ಲಕ್ಷ, ಇಡೀ ದೇಶಕ್ಕ ಕೂಡಿ 200 ಗಾಡಿ, ನನ್ನ ಕಡೆ ರೊಕ್ಕ ಇರ್ಲಿಲ್ಲ. ಈಗ ಒಂದಿಷ್ಟು ರೊಕ್ಕ ಐತಿ, ಗಾಡಿ ಸಿಗಂಗಿಲ್ಲ. ಹಿಂಗಿರಬೇಕಾದ್ರ ಮೊನ್ನೆ ಒಂದು ಫೋಟೋ ಬಂತು, ನವಿ ಮುಂಬೈ ಖಾರ್ಘರ್‌ದಾಗ ಒಬ್ಬ ಸೆಕೆಂಡ್‌ಹ್ಯಾಂಡ್ ಡೀಲರ್ ಕಡೆ ಬಿಳೀದು ನಿಂತೈತಿ ಅಂತ. ಐತ್ವಾರ ಮುಂಜಾನೆ ಆರಕ್ಕ ಎಕ್ಸ್‌ಪ್ರೆಸ್‌ವೇ ಹಿಡದು ಹೋದೆ.

31,000 ಕಿಲೋಮೀಟರ್ ಓಡೇತಿ, ಎರಡನೇ ಓನರ್, 23 ಲಕ್ಷ ಹೇಳ್ಯಾನ, 22ಕ್ಕ ಬರ್ತಾನ ಅನಸ್ತೈತಿ. ಸ್ಟಾರ್ಟ್ ಮಾಡಿದ ಕೂಡ್ಲೆ ಆ ಸೌಂಡ್ ಕೇಳಿ ನಾ ಅರ್ಧಾ ಸೋತು ಹೋದೆ, 25 ಸಾವಿರ ಟೋಕನ್ ಕೊಟ್ಟು ಬಂದೀನಿ, ಮನ್ಯಾಗ ಇನ್ನೂ ಹೇಳಿಲ್ಲ. ಆರ್‌ಸಿ ಫೋಟೋ ಕಳಿಸ್ಯಾನ, ಅದರಾಗ 1984 ಸಿಸಿ, ಹೊಗಿ ನಿಯಮ ಬಿಎಸ್ 6, ತಯಾರಾಗಿದ್ದು 01/2020 ಅಂತ ಐತಿ.

ಒಂದ ವಿಷಯ ಕೊರೀಲಿಕತ್ತೈತಿ. ಬೂಟ್ ಒಳಗ ಕಾರ್ಪೆಟ್ ಎತ್ತಿ ಸ್ಟೆಪ್ನಿ ಕುಣಿ ನೋಡಿದ್ರ ಅಲ್ಲಿ ಇರಬೇಕಾದ, ಕಂಪನಿ ಅಂಟಿಸಿದ ಗಾಡಿ ವಿವರದ ಬಿಳೀ ಸ್ಟಿಕ್ಕರ್ ಇಲ್ಲ, ಜಾಗ ಸ್ವಚ್ಛ ಐತಿ. ಕೇಳಿದ್ರ "ನೀರು ಹೊಕ್ಕಿತ್ತು, ತೊಳೆಯೋವಾಗ ಕಿತ್ತು ಹೋತು" ಅಂದ. ಇದು ನಡೀತೈತೇನು? ಗೊತ್ತಿದ್ದವರು ಹೇಳ್ರಿ, ಶನಿವಾರ ಬಾಕಿ ರೊಕ್ಕ ಕೊಡಬೇಕು.

ಠಾಣೆ ಮಾಣಿ
ಸೋಮವಾರ, ರಾತ್ರಿ 11:20

ಎಂತ ಮಾರ್ರೆ, ಟೋಕನ್ ಕೊಟ್ಟು ಬಂದು ಆಮೇಲೆ ಅಸಲಿಯಾ ಅಂತ ಕೇಳುದಾ? ಇರ್ಲಿ, 25 ಸಾವಿರಕ್ಕೆ ಮುಗಿದ್ರೆ ಅಗ್ಗವೇ.

ಸಾಮಾನ್ಯವಾಗಿ ಏನು ಮಾಡ್ತಾರೆ ಅಂದ್ರೆ ಮಾಮೂಲಿ 1.8 ಟಿಎಸ್‌ಐ ಪೆಟ್ರೋಲ್ ಇಂಜಿನಿನ ಆಕ್ಟೇವಿಯಾ ತಗೊಂಡು ಆರ್‌ಎಸ್ ಬಂಪರ್, ಗ್ರಿಲ್ಲಿಗೆ ಬ್ಯಾಡ್ಜ್, ಬ್ರೇಕ್ ಕ್ಯಾಲಿಪರಿಗೆ ಕೆಂಪು ಬಣ್ಣ, ಹಿಂದೆ ಎರಡು ಸೈಲೆನ್ಸರ್ ಬಾಯಿ, ಇಷ್ಟು ಹಾಕಿ ಆರ್‌ಎಸ್ ಅಂತ ಹೇಳುದು. ಆ ಬಾಯಿಗೆ ಟಾರ್ಚ್ ಬಿಟ್ಟು ನೋಡಿ, ಡುಪ್ಲಿಕೇಟ್ ಆದ್ರೆ ಬಂಪರಿನ ಹಿಂದೆ ಪೈಪೇ ಇರುದಿಲ್ಲ, ಅಲಂಕಾರಕ್ಕೆ ಮಾತ್ರ. ಆದ್ರೆ ಇವ್ರನ್ನ ಹಿಡಿಯುದು ಸುಲಭ, 1.8 ಅಂದ್ರೆ ಆರ್‌ಸಿಯಲ್ಲಿ 1798 ಸಿಸಿ, ಬಿಎಸ್ 4. ಅದನ್ನ ಬಂಪರ್ ಹಾಕಿ ಬದಲು ಮಾಡ್ಲಿಕ್ಕೆ ಆಗುದಿಲ್ಲ. ನಿಮ್ಮದ್ರಲ್ಲಿ 1984, ಬಿಎಸ್ 6 ಉಂಟು ಅಂದ್ರೆ ಬರೀ ಬಂಪರ್, ಬ್ಯಾಡ್ಜ್ ಹಚ್ಚಿದ ಕೇಸ್ ಅಲ್ಲ.

ಹಾಗಂತ ಖುಷಿ ಬೇಡ. ಅವ ಕಳಿಸಿದ ಫೋಟೋ ನೋಡಿದ್ದಾ ಅಥವಾ ನೀವೇ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಿದ್ದಾ? ಫೋಟೋದಲ್ಲಿ ಏನು ಬೇಕಾದ್ರೂ ಬರೀಬಹುದು.

ವಾಕಡ್ ಧಾರವಾಡಿ
ಸೋಮವಾರ, ರಾತ್ರಿ 11:41

ಈಗ ನೋಡಿದೆ. ಎಂಎಚ್ 46, ಅಂದ್ರ ಪನ್ವೇಲ್. ಅಲ್ಲೂ 1984, ಬಿಎಸ್ 6 ಅಂತನ ಐತಿ, ಲೋನ್ ಏನೂ ತೋರಸ್ವಲ್ದು, ಇನ್ಶೂರೆನ್ಸ್ ಐತಿ. ಹಂಗಾರ ಖರೇನ ಅಲ್ಲೇನ್ರಿ?

ಗೇರ್‌ಬಾಕ್ಸ್ ಗುರು
ಮಂಗಳವಾರ, ಬೆಳಿಗ್ಗೆ 8:15

ಗುರು, ಕಾಗದ ಖರೆ. ಕಾಗದದ ಮೇಲಿರೋ ಗಾಡಿನೇ ನಿನ್ ಮುಂದೆ ನಿಂತಿರೋ ಗಾಡಿನಾ ಅನ್ನೋದು ಬೇರೆ ಪ್ರಶ್ನೆ.

ಆ ಸ್ಟಿಕ್ಕರ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ಸ್ಕೋಡಾ, ಫೋಕ್ಸ್‌ವ್ಯಾಗನ್, ಆಡಿ ಎಲ್ಲದ್ರಲ್ಲೂ ಅದು ಇರತ್ತೆ, ಬೂಟಲ್ಲಿ ಒಂದು, ಸರ್ವಿಸ್ ಬುಕ್ಕಲ್ಲಿ ಒಂದು. ಚಾಸಿ ನಂಬರ್, ಮಾಡೆಲ್ ಕೋಡ್, ಇಂಜಿನ್ನು ಗೇರ್‌ಬಾಕ್ಸಿನ ಅಕ್ಷರಗಳು, ಬಣ್ಣದ ಕೋಡ್, ಅದ್ರ ಕೆಳಗೆ ಸಾಲುಗಟ್ಟಲೆ ಮೂರು ಮೂರು ಅಕ್ಷರದ ಆಪ್ಷನ್ ಕೋಡು, ಗಾಡಿ ಜಾತಕ ಪೂರ್ತಿ ಅಲ್ಲೇ. ಪವರ್ ಕಿಲೋವ್ಯಾಟಲ್ಲಿ ಬರೆದಿರ್ತಾರೆ, ಇಲ್ಲೇ ಜನ ಬೀಳೋದು. ಎರಡು ವರ್ಷದ ಹಿಂದೆ ನನ್ ಫ್ರೆಂಡ್ ಜೊತೆ ಕೋಥ್ರೂಡಲ್ಲಿ ಒಂದು "ಆರ್‌ಎಸ್" ನೋಡೋಕೆ ಹೋಗಿದ್ದೆ, ಮಾರೋನು ಹೇಳಿದ್ದ, ಒರಿಜಿನಲ್ ಆರ್‌ಎಸ್ ಸ್ಟಿಕ್ಕರಲ್ಲಿ 180 ಅಂತಿರತ್ತೆ, ಗೂಗಲ್ ಮಾಡಿ ನೋಡಿ ಅಂತ. ಮಾತು ಸರಿನೇ, 180 ಕಿಲೋವ್ಯಾಟ್ ಅಂದ್ರೆ 245 ಪಿಎಸ್, ಪಿಎಸ್ ಅಂದ್ರೆ ಹಾರ್ಸ್‌ಪವರ್ ಲೆಕ್ಕ. ಆದ್ರೆ ಅವ್ನ ಗಾಡಿ ಸ್ಟಿಕ್ಕರಲ್ಲಿ ಇದ್ದಿದ್ದು 132. ಕೇಳಿದ್ರೆ ಬ್ರೋಷರ್ ತೆಗೆದು ತೋರಿಸಿದ, "ನೋಡಿ 180 ಇದೆ" ಅಂತ, ಅದು 180 ಪಿಎಸ್, 1.8 ಟಿಎಸ್‌ಐದು, ಅದೇ 132 ಕಿಲೋವ್ಯಾಟ್. ಅವ್ನಿಗೇ ಗೊತ್ತಿರ್ಲಿಲ್ವೋ ನಾಟಕ ಆಡಿದ್ನೋ ಇವತ್ತಿಗೂ ನಂಗೆ ಗೊತ್ತಿಲ್ಲ, ಚಹಾ ಮಾತ್ರ ಚೆನ್ನಾಗಿತ್ತು.

ಗೇರ್ ಎಣಿಸಿ ಕಂಡುಹಿಡೀತೀನಿ ಅನ್ಬೇಡ, 1.8ಕ್ಕೂ ಏಳು, 245ಕ್ಕೂ ಏಳು. 1.8ದು ಡ್ರೈ ಕ್ಲಚ್, 245ದು ವೆಟ್ ಕ್ಲಚ್, ಒಳಗೆ ಬೇರೆ ಬೇರೆ ಡಬ್ಬ. ಓಡಿಸಿ ಪಿಕಪ್ ನೋಡ್ತೀನಿ ಅಂದ್ರೂ ನಂಬ್ಬೇಡ, ರೀಮ್ಯಾಪ್ ಮಾಡಿದ, ಅಂದ್ರೆ ಸಾಫ್ಟ್‌ವೇರ್ ತಿದ್ದಿ ಪವರ್ ಏರಿಸಿದ 1.8 ಖಂಡಾಲಾ ಘಾಟಲ್ಲಿ ನಿನ್ನ ಚೆನ್ನಾಗೇ ಮೋಸ ಮಾಡತ್ತೆ.

ಸುಮ್ನೆ ಓದುಗ
ಮಂಗಳವಾರ, ಬೆಳಿಗ್ಗೆ 9:02

ನಂದೊಂದು ಪೆದ್ದು ಪ್ರಶ್ನೆ, ಪಿಕಪ್ ಅಷ್ಟೇ ಬೇಕಂದ್ರೆ 10 ಲಕ್ಷದ 1.8 ತಗೊಂಡು ರೀಮ್ಯಾಪ್ ಮಾಡ್ಸಿ ಉಳಿದ 12 ಲಕ್ಷದಲ್ಲಿ ಊರಲ್ಲಿ ಸೈಟು ತಗೋಬಹುದಲ್ವಾ.

ವಾಕಡ್ ಧಾರವಾಡಿ
ಮಂಗಳವಾರ, ಬೆಳಿಗ್ಗೆ 9:10

ನಮ್ಮ ಅಪ್ಪಾರ ಹಂಗ ಮಾತಾಡ್ತೀರಿ ನೀವು.

ಚಾಕಣ್ ಥರ್ಡ್ ಶಿಫ್ಟ್
ಮಂಗಳವಾರ, ಮಧ್ಯಾಹ್ನ 3:30

ಈಗ ಎದ್ದೆ, ಎಲ್ಲ ಓದಿದೆ. ಚಾಸಿ ನಂಬರ್ ವಿಷಯ ಯಾರೂ ಸರಿಯಾಗಿ ಹೇಳಿಲ್ಲ, ನಾನು ಹೇಳ್ತೀನಿ, ಬಿಡಿಭಾಗ ಮಾಡೋ ಕಂಪನಿಲಿ ಕ್ವಾಲಿಟಿ ಕೆಲ್ಸ, ದಿನಾ ಇದೇ ನಂಬರ್ ನೋಡೋದು.

17 ಅಕ್ಷರ. ಅದ್ರಲ್ಲಿ ಐ, ಓ, ಕ್ಯೂ ಇರಲ್ಲ, 1 ಮತ್ತು 0 ಜೊತೆ ಗೊಂದಲ ಆಗತ್ತೆ ಅಂತ. ಮೊದಲ ಮೂರು ಯಾರು ಮಾಡಿದ್ದು ಅಂತ ಹೇಳತ್ತೆ. ಟಿಎಂಬಿ ಅಂದ್ರೆ ಸ್ಕೋಡಾ. ಡಬ್ಲ್ಯುವಿಡಬ್ಲ್ಯು ಅಂದ್ರೆ ಫೋಕ್ಸ್‌ವ್ಯಾಗನ್. ನಮ್ಮ ಚಾಕಣ್ ಫ್ಯಾಕ್ಟರಿದು ಎಂಇಎಕ್ಸ್. ರಾಂಜಣಗಾಂವ್ ಫಿಯಟ್‌ದು ಎಂಸಿಎ. ಇದು ಯಾಕೆ ಉಪಯೋಗ ಅಂದ್ರೆ 2016ರಲ್ಲಿ ಪೋಲೋ ಜಿಟಿಐ ಬರೀ 99 ತರ್ಸಿದ್ರು, 1.8 ಇಂಜಿನ್, 192 ಪಿಎಸ್, ಮೂರು ಬಾಗಿಲು, ಪೂರ್ತಿ ಇಂಪೋರ್ಟ್. ಯಾರಾದ್ರೂ ಜಿಟಿಐ ಅಂತ ತೋರಿಸಿ ನಂಬರ್ ಎಂಇಎಕ್ಸ್ ಅಂತ ಶುರುವಾದ್ರೆ ಮಾತೇ ಬೇಡ, ಅದು ಚಾಕಣ್ ಪೋಲೋನೇ. ಫಿಯಟ್‌ನ ಜೋರು ಪುಂಟೋ, ಅಬಾರ್ತ್ ಪುಂಟೋದಲ್ಲಿ ಮಾತ್ರ ಈ ಉಪಾಯ ನಡೆಯಲ್ಲ, ಮಾಮೂಲಿ ಪುಂಟೋ, 145 ಬಿಎಚ್‌ಪಿ ಅಬಾರ್ತ್, ಎರಡೂ ಒಂದೇ ಫ್ಯಾಕ್ಟರಿ. ಫಿಯಟ್ ಲೀನಿಯಾ ಟಿ-ಜೆಟ್‌ದು ಅದೇ 1368 ಸಿಸಿ ಪೆಟ್ರೋಲ್ ಇಂಜಿನ್, ಅದನ್ನ ಡೀಸೆಲ್ ಪುಂಟೋಗೆ ಇಳಿಸಿ ಅಬಾರ್ತ್ ಗುರುತಾದ ಚೇಳಿನ ಸ್ಟಿಕ್ಕರ್ ಅಂಟಿಸೋರೂ ಇದಾರೆ. ಅಲ್ಲಿ ಆರ್‌ಸಿಲಿ ಡೀಸೆಲ್ ಅಂತಿದ್ಯಾ ನೋಡ್ಬೇಕು.

ಹತ್ತನೇ ಅಕ್ಷರ ಮಾಡೆಲ್ ವರ್ಷ. ಜೆ 2018, ಕೆ 2019, ಎಲ್ 2020. ಕೆಲವರು ಆನ್‌ಲೈನ್ ಟೂಲಲ್ಲಿ ನಂಬರ್ ಹಾಕಿ "ಚೆಕ್ ಡಿಜಿಟ್ ತಪ್ಪು, ಫೇಕ್" ಅಂತ ಗಾಬರಿ ಆಗ್ತಾರೆ, ಒಂಬತ್ತನೇ ಅಂಕಿಯ ಆ ಲೆಕ್ಕ ಅಮೆರಿಕದ ಗಾಡಿಗಳಿಗೆ, ಯುರೋಪಿನವು ಅದನ್ನ ಪಾಲಿಸಬೇಕು ಅಂತೇನಿಲ್ಲ, ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಮುಖ್ಯ ವಿಷಯ, ನಂಬರ್ ಓದೋದಲ್ಲ, ಮುಟ್ಟಿ ನೋಡೋದು. ಬಾನೆಟ್ ತೆಗೆದ್ರೆ ಬಲಗಡೆ ಚಕ್ರದ ಮೇಲಿರೋ ಸಸ್ಪೆನ್ಷನ್ ಡೋಮ್ ಮೇಲೆ ಶೀಟಿಗೇ ಕೊರೆದಿರ್ತಾರೆ. ಆರ್‌ಟಿಓಗೆ ಚಾಸಿ ಪ್ರಿಂಟ್ ತೆಗೆಯೋ ಹಾಗೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ. ಫ್ಯಾಕ್ಟರಿ ಮಷೀನ್ ಹೊಡೆದಿದ್ದು ಅಕ್ಷರ ಎಲ್ಲ ಒಂದೇ ಆಳ, ಒಂದೇ ಅಂತರ, ಗೆರೆ ಎಳೆದ ಹಾಗೆ ಸಾಲು. ಕೈಯಲ್ಲಿ ಪಂಚ್ ಇಟ್ಟು ಸುತ್ತಿಗೆಲಿ ಹೊಡೆದಿದ್ರೆ ಒಂದು 3 ಆಳ, ಪಕ್ಕದ 8 ಸ್ವಲ್ಪ ಮೇಲೆ, ಕಣ್ಣಿಗೆ ಕಾಣದೆ ಇರೋದು ಪೆನ್ಸಿಲಲ್ಲಿ ಕಾಣತ್ತೆ. ಸುತ್ತ ಪೇಂಟ್ ಹೊಸದಾಗಿದ್ರೂ ಅಷ್ಟೇ.

ಡೊಂಬಿವಲಿ ಅಕ್ಕ
ಮಂಗಳವಾರ, ರಾತ್ರಿ 9:48

ನಾನು ಇನ್ಶೂರೆನ್ಸ್ ಕ್ಲೇಮ್ ಕೆಲಸದಲ್ಲಿ ಬಹಳ ವರ್ಷದಿಂದ ಇದ್ದೀನಿ. "ನೀರು ಹೊಕ್ಕಿತ್ತು" ಅನ್ನೋ ಮಾತು ಕೇಳಿ ಕಿವಿ ನೆಟ್ಟಗಾಯ್ತು.

ರಿಪೇರಿ ಖರ್ಚು ಐಡಿವಿಯ, ಅಂದ್ರೆ ಪಾಲಿಸಿಯಲ್ಲಿ ಬರೆದ ಗಾಡಿ ಬೆಲೆಯ, ಶೇಕಡಾ 75 ದಾಟಿದ್ರೆ ಟೋಟಲ್ ಲಾಸ್ ಅಂತ ಮಾಡ್ತಾರೆ, ಓನರಿಗೆ ದುಡ್ಡು ಹೋಗತ್ತೆ, ಉಳಿದ ಲೋಹ ಹರಾಜಿಗೆ. ಗಾಡಿ ಕೆಲಸಕ್ಕೆ ಬಾರದ ಹಾಗಾದ್ರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಅಂತ ಮೋಟಾರ್ ವಾಹನ ಕಾಯ್ದೆಯ ಸೆಕ್ಷನ್ 55 ಹೇಳತ್ತೆ. ತಿಳಿಸದೇ ಇದ್ರೆ? ಗಾಡಿ ಸತ್ತಿರತ್ತೆ, ಆರ್‌ಸಿ ಬದುಕಿರತ್ತೆ. ಮಾಮೂಲಿ ವ್ಯಾಗನ್ ಆರ್ ಆದ್ರೆ ಆ ಕಾಗದಕ್ಕೆ ಬೆಲೆ ಇಲ್ಲ. 200ರಲ್ಲಿ ಒಂದು ಗಾಡಿ ಅಂದ್ರೆ ಕಾಗದಕ್ಕೇ ಲಕ್ಷಗಟ್ಟಲೆ ಬೆಲೆ. ಮುದ್ದೆಯಾದ ಆರ್‌ಎಸ್‌ನ ಇಂಜಿನ್, ಗೇರ್‌ಬಾಕ್ಸ್, ಕಾಗದ, ಮೂರನ್ನೂ ತಂದು ಅದೇ ಬಣ್ಣದ ಮಾಮೂಲಿ ಆಕ್ಟೇವಿಯಾ ಬಾಡಿಗೆ ಹಾಕಿದ್ರೆ ನಿಮ್ಮ ಆರ್‌ಸಿ ಚೆಕ್ ಎಲ್ಲ ಪಾಸ್. ಬಿಳಿ ಬಣ್ಣ ಅಂದ್ರಲ್ಲ, ಪೇಂಟ್ ಕೂಡ ಮಾಡಬೇಕಿಲ್ಲ.

ಹೀಗೇ ಆಗಿದೆ ಅಂತ ಹೇಳ್ತಿಲ್ಲ. ಆದ್ರೆ ಹಳೇ ಪಾಲಿಸಿಗಳನ್ನ ಒಂದೊಂದು ವರ್ಷದ್ದೂ ಕೇಳಿ, ನೋ ಕ್ಲೇಮ್ ಬೋನಸ್ ಯಾವ ವರ್ಷ ಸೊನ್ನೆಗೆ ಬಿತ್ತು ನೋಡಿ, ಅದಕ್ಕೆ ಮೊದಲು ಕ್ಲೇಮ್ ಆಗಿದೆ ಅಂತ ಅರ್ಥ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ (ಎನ್‌ಸಿಆರ್‌ಬಿ) ನಡೆಸುವ ವಾಹನ್ ಸಮನ್ವಯದಲ್ಲಿ ಕಳವಿನ ಲಿಸ್ಟಲ್ಲಿ ಇದ್ಯಾ ಅಂತಲೂ ನೋಡ್ಕೊಳ್ಳಿ. ಚಾಸಿ ನಂಬರ್ ತಿದ್ದಿದ ಗಾಡಿ ನಾಳೆ ಪೊಲೀಸರು ಹಿಡಿದ್ರೆ ಹೋಗೋದು ನಿಮ್ಮ ಮನೆಯಿಂದ, ಡೀಲರ್ ಮನೆಯಿಂದ ಅಲ್ಲ.

ಮಡಗಾಂವ್ ಕಾರವಾರಿ
ಬುಧವಾರ, ಬೆಳಿಗ್ಗೆ 7:30

ಅಕ್ಕ ಹೇಳಿದ್ದು ಹೌದೋ ಅಲ್ಲವೋ ಅಂತ ನೋಡ್ಲಿಕ್ಕೆ ಲ್ಯಾಪ್‌ಟಾಪೂ ಬೇಡ, ಮೆಕ್ಯಾನಿಕ್ಕೂ ಬೇಡ. ಗಾಡಿಯ ವಯಸ್ಸು ಗಾಡಿಯ ಮೇಲೇ ಬರ್ದಿರ್ತದೆ, ನಂಬರ್ ತಿದ್ದುವವ್ರಿಗೆ ಇದೆಲ್ಲ ತಿದ್ದುವಷ್ಟು ತಾಳ್ಮೆ ಇರುದಿಲ್ಲ.

ಕಿಟಕಿ ಗಾಜಿನ ಮೂಲೆಯಲ್ಲಿ ಕಂಪನಿ ಗುರುತಿನ ಕೆಳಗೆ ಒಂದು ಅಂಕಿ ಇರ್ತದೆ, ಪಕ್ಕದಲ್ಲಿ ಚುಕ್ಕಿ. ಅಂಕಿ ವರ್ಷದ್ದು, ಚುಕ್ಕಿ ತಿಂಗಳಿಗೆ. ಸೀಟ್‌ಬೆಲ್ಟ್ ಪೂರ್ತಿ ಎಳೆದ್ರೆ ಬುಡದಲ್ಲಿ ಚೀಟಿ ಹೊಲಿದಿರ್ತಾರೆ, ಅಲ್ಲೂ ತಾರೀಖು. ಪ್ಲಾಸ್ಟಿಕ್ ಭಾಗಗಳ ಹಿಂಬದಿ ಸಣ್ಣ ಗಡಿಯಾರದಂಥ ಅಚ್ಚು, ನಡುವೆ ವರ್ಷ, ಬಾಣ ತಿಂಗಳಿಗೆ. ಗಾಡಿ 01/2020 ಅಂದ್ರೆ ಇವೆಲ್ಲ 2019ರ ಕೊನೆಗೆ ಇರ್ಬೇಕು. ನಾಲ್ಕೈದು ತಿಂಗಳು ಆಚೀಚೆ ಸಹಜ, ಒಂದು ಗಾಜು ಬೇರೆ ಇದ್ರೆ ಒಡೆದು ಬದಲಿಸಿದ್ದು ಅಂತ ಬಿಡಬಹುದು. ಎಲ್ಲವೂ ಒಟ್ಟಿಗೆ ಎರಡು ವರ್ಷ ಹಳೇದು ಅಂದ್ರೆ, ಮಗು ಹುಟ್ಟುವ ಮೊದಲೇ ಹಲ್ಲು ಬಂದ ಹಾಗಾಯ್ತು.

ನನ್ನ 2004ರ ಹಳೇ ಆರ್‌ಎಸ್, 1.8 ಟರ್ಬೋ 150 ಪಿಎಸ್‌ದು, ಇಲ್ಲಿಯ ಉಪ್ಪುಗಾಳಿಗೆ ತಳ ಎಲ್ಲ ತುಕ್ಕು, ಆದ್ರೂ ಐದೂ ಗಾಜು ಅದೇ ವರ್ಷದ್ದು. ಅದೊಂದೇ ಜಂಬ ಉಳಿದಿರುದು ನಂಗೆ.

ವಾಕಡ್ ಧಾರವಾಡಿ
ಬುಧವಾರ, ಬೆಳಿಗ್ಗೆ 10:05

ರಾತ್ರಿ ನಿದ್ದಿ ಹತ್ತಲಿಲ್ರಿ. ಹೆಂಡ್ತಿಗೂ ಹೇಳಿದೆ, ಆಕಿ ಏನೂ ಬೈಲಿಲ್ಲ, ಅದ ಹೆಚ್ಚು ಅಂಜಿಕಿ ಹುಟ್ಟಿಸ್ತು. ಶನಿವಾರ ಯಾರರ ನನ್ನ ಜೋಡಿ ಬರ್ತೀರೇನು? ನಾಷ್ಟಾ, ಪೆಟ್ರೋಲ್, ಟೋಲ್ ಎಲ್ಲಾ ನಂದು.

ಗೇರ್‌ಬಾಕ್ಸ್ ಗುರು
ಬುಧವಾರ, ಬೆಳಿಗ್ಗೆ 10:11

ಪಿಂಪ್ರಿಲಿ ನನ್ನ ಹತ್ತಿಸ್ಕೋ. ಗಾಡಿ ಕಂಪ್ಯೂಟರ್ ಓದೋ ಸ್ಕ್ಯಾನರ್ ತರ್ತೀನಿ. ಲೋಣಾವಳದಲ್ಲಿ ಚಿಕ್ಕಿ ಬೇರೆ.

ಗೇರ್‌ಬಾಕ್ಸ್ ಗುರು
ಶನಿವಾರ, ರಾತ್ರಿ 8:20

ವಾಪಸ್ ಬಂದ್ವಿ. ಅವ್ನು ಮಾತಾಡೋ ಮೂಡಲ್ಲಿಲ್ಲ, ಗಾಡಿ ವಿಷಯ ನಾನೇ ಬರೀತೀನಿ.

ಮೊದಲು ನಾಲ್ಕು ಬಾಗಿಲ ಗಾಜು ನೋಡಿದ್ವಿ, ಎಲ್ಲದ್ರಲ್ಲೂ 8. ಹಿಂದಿನ ಗಾಜು 8. ಡ್ರೈವರ್ ಸೀಟ್‌ಬೆಲ್ಟ್ ಎಳೆದೆ, 2018. ಹಿಂದಿನ ಬೆಲ್ಟೂ 2018. ಮುಂದಿನ ಗಾಜು ಮಾತ್ರ ಹೊಸದು. ಆಗ ಹೊಳೀತು, ಗಾಜಿನ ಕೆಳಮೂಲೇಲಿ ಚಾಸಿ ನಂಬರ್ ಪಟ್ಟಿ ಇರತ್ತಲ್ಲ, ಅದನ್ನ ಬದಲಿಸೋಕೆ ಗಾಜು ತೆಗೆಯೋದೇ ಅನುಕೂಲ. ನಂಬರ್ ಆರ್‌ಸಿಗೆ ಸರಿಯಾಗಿ ಹೊಂದ್ತಿತ್ತು, ಪಟ್ಟಿ ಚಕಚಕ ಅಂತಿತ್ತು.

ಬಾನೆಟ್ ತೆಗೆದು ಡೋಮ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ್ವಿ, ಅಲ್ಲಿದ್ದ ಹುಡ್ಗ "ಸಾಹೇಬ್ ಯೇ ಕ್ಯಾ ಕರ್ ರಹೇ ಹೋ" ಅಂತ ಓಡಿ ಬಂದ. ಮೊದಲ ಒಂಬತ್ತು ಅಕ್ಷರ ಅಚ್ಚುಕಟ್ಟು. ಹತ್ತನೇದ್ರಿಂದ ಮುಂದೆ ಸಾಲು ಸ್ವಲ್ಪ ಇಳಿದಿದೆ, ಬೆರಳಾಡಿಸಿದ್ರೆ ಅಲ್ಲಿಂದ ಶೀಟ್ ನುಣ್ಣಗೆ, ಗ್ರೈಂಡ್ ಮಾಡಿ ಪೇಂಟ್ ಹೊಡೆದಂಗೆ. ಥರ್ಡ್ ಶಿಫ್ಟ್ ಅಣ್ಣ ಹೇಳಿದ್ದೇ, ಕಣ್ಣಿಗೆ ಗೊತ್ತಾಗ್ತಿರ್ಲಿಲ್ಲ, ಕಾಗದದ ಮೇಲೆ ಗೊತ್ತಾಯ್ತು.

ಸ್ಕ್ಯಾನರ್ ಹಾಕಿದೆ. ಇಂಜಿನ್, ಗೇರ್‌ಬಾಕ್ಸ್, ಮೀಟರ್ ಎಲ್ಲ ಆರ್‌ಎಸ್‌ದೇ, ನಂಬರೂ ಅದೇ. ಇಂಜಿನ್ ಸೌಂಡ್ ಕೇಳಿ ಇವ್ನು ಮರುಳಾಗಿದ್ದು ತಪ್ಪಲ್ಲ, ಸೌಂಡ್ ಅಸಲಿನೇ. ಸ್ಕ್ಯಾನರಲ್ಲೇ ಏರ್‌ಬ್ಯಾಗ್ ಯೂನಿಟ್ ನೋಡ್ದೆ, ಅಲ್ಲಿ ಬೇರೆ ಚಾಸಿ ನಂಬರ್. ಟಿಎಂಬಿ ಅಂತಲೇ ಶುರು, ಹತ್ತನೇ ಅಕ್ಷರ ಜೆ. 245ರಲ್ಲಿ ಮುಂದಿನ ಎರಡು ಚಕ್ರಕ್ಕೆ ಪವರ್ ಹಂಚೋ ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್ ಇರತ್ತೆ, ಅದರ ಕಂಟ್ರೋಲ್ ಯೂನಿಟ್ ಸ್ಕ್ಯಾನಲ್ಲಿ ಬರ್ಬೇಕು, ಬರ್ಲೇ ಇಲ್ಲ, ಅದ್ರ ವೈರಿಂಗ್ ಎಳೆಯೋ ಗೋಜಿಗೆ ಹೋಗಿಲ್ಲ ಕಾಣತ್ತೆ.

ಏರ್‌ಬ್ಯಾಗ್ ಒಂದೇ ಬೇರೆ ಇದ್ದಿದ್ರೆ ಆಕ್ಸಿಡೆಂಟಾಗಿ ಹಳೇದು ಹಾಕ್ಸಿದಾರೆ ಅನ್ಬಹುದಿತ್ತು. ಗಾಜು, ಬೆಲ್ಟು, ಏರ್‌ಬ್ಯಾಗು ಮೂರೂ 2018 ಅಂತ ಸಾಕ್ಷಿ ಹೇಳ್ತಿವೆ, ಡೋಮು ನಂಬರ್ ತಿದ್ದಿದ್ದು ಅಂತ. ಆ ಜೆ ನಂಬರನ್ನ ಪರಿಚಯದ ಒಬ್ರಿಗೆ ಕಳಿಸಿ ಕೇಳ್ದೆ, ಬಿಳಿ 1.8 ಟಿಎಸ್‌ಐ ಅಂತ ಉತ್ತರ ಬಂತು. ಯಾರು ಅಂತ ಕೇಳ್ಬೇಡಿ.

ಠಾಣೆ ಮಾಣಿ
ಶನಿವಾರ, ರಾತ್ರಿ 8:41

ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅಂತ ನಮ್ಮ ಅಜ್ಜಿ ಹೇಳ್ತಿದ್ರು, ಅವ್ರು ಆಕ್ಟೇವಿಯಾ ನೋಡಿರ್ಲಿಲ್ಲ. ಡೀಲರ್ ಎಂತ ಹೇಳಿದ?

ವಾಕಡ್ ಧಾರವಾಡಿ
ಶನಿವಾರ, ರಾತ್ರಿ 9:30

ಮೊದ್ಲ ನಕ್ಕ. "ಅರೆ ಭಾವು, ಗಾಜಿನ ಮ್ಯಾಲಿನ ನಂಬರ್ ನೋಡಿ ಯಾರಾರ ಗಾಡಿ ತಗೋತಾರೇನು" ಅಂದ. ಪೆನ್ಸಿಲ್ ಕಾಗದ ತೋರ್ಸಿದೆ, ಆವಾಗ ನಗು ನಿಂತ್ತು. ತಾನೂ ಹಿಂದಿನ ಓನರ್ ಕಡೆಯಿಂದ ಹಿಂಗ ತಗೊಂಡೀನಿ, ನಂಗೇನ ಗೊತ್ತು ಅಂತ ಶುರು ಮಾಡಿದ. ಖರೇನೂ ಇರಬಹುದು, ಅವನ ಮಾರೀ ನೋಡಿದ್ರ ನಂಗ ಏನೂ ತಿಳೀಲಿಲ್ಲ. ಟೋಕನ್ ವಾಪಸ್ ಕೇಳಿದ್ರ ಟೋಕನ್ ವಾಪಸ್ ಇಲ್ಲ, ಪಾವತಿ ಮ್ಯಾಲೆ ಬರದೈತಿ ನೋಡು ಅಂದ. ಗುರು ಸುಮ್ನ ಡೋಮ್ ಫೋಟೋ ತಗೊಳಾಕ ಹತ್ತಿದ, ಒಂದೊಂದ ಅಕ್ಷರದ್ದು, ನಿಧಾನಕ್ಕ, ಮಾತಿಲ್ಲ ಕತಿಯಿಲ್ಲ. ಆರನೇ ಫೋಟೋಕ್ಕ ನನ್ನ ಫೋನ್‌ನಾಗ 20 ಸಾವಿರ ಬಂತು. ಉಳಿದ ಐದು ಸಾವಿರ "ಪಾರ್ಕಿಂಗ್" ಅಂತ.

ಬರೋವಾಗ ಘಾಟ್‌ದಾಗ ಇಬ್ರೂ ಒಂದ ಮಾತ ಆಡ್ಲಿಲ್ಲ. ಆ ಸೌಂಡ್ ಇನ್ನೂ ಕಿವ್ಯಾಗ ಐತಿ ನೋಡ್ರಿ.

ಡೊಂಬಿವಲಿ ಅಕ್ಕ
ಶನಿವಾರ, ರಾತ್ರಿ 9:52

ಆ ಫೋಟೋಗಳನ್ನ ಅಳಿಸಬೇಡಿ. ಪೊಲೀಸ್ ಸ್ಟೇಷನ್‌ಗೆ ಒಂದು ಅರ್ಜಿ ಬರೆದು ಕೊಡೋದು ಒಳ್ಳೇದು, ಡ್ರಾಫ್ಟ್ ನಾನು ಮಾಡಿಕೊಡ್ತೀನಿ, ಮೆಸೇಜ್ ಮಾಡಿ.

ಸುಮ್ನೆ ಓದುಗ
ಭಾನುವಾರ, ಬೆಳಿಗ್ಗೆ 11:15

ಐದು ಸಾವಿರ ಪಾರ್ಕಿಂಗ್ ಅಂದ್ರೆ ಮುಂಬೈನ ಟಾರ್‌ದೇವ್‌ಗಿಂತ ಕಾಸ್ಟ್ಲಿ ಆಯ್ತಲ್ಲ ಖಾರ್ಘರ್.

ಮಡಗಾಂವ್ ಕಾರವಾರಿ
ಮುಂದಿನ ಗುರುವಾರ, ಸಂಜೆ 6:05

ಇವತ್ತು ಇಲ್ಲಿ ಗೋವಾದ ಪರ್ವರಿಯಲ್ಲಿ ಒಂದು ಬಿಳೀ 245 ಮಾರಾಟಕ್ಕೆ ಬಂದಿದೆ, ಎಂಎಚ್ 46, 31,000 ಕಿಲೋಮೀಟರ್, "ಡಾಕ್ಟರ್ ಓಡಿಸಿದ ಗಾಡಿ, ಟೈಂಪಾಸ್ ಮಾಡುವವ್ರು ಬೇಡ" ಅಂತ ಬರ್ದಿದಾರೆ. ಬೆಲೆ 24.5 ಲಕ್ಷ. ನಾನು ಫೋನ್ ಮಾಡಿ ಹಿಂದಿನ ಗಾಜಿನ ಮೂಲೆಯ ಫೋಟೋ ಕಳಿಸಿ ಅಂದೆ, ಬ್ಲಾಕ್ ಮಾಡಿದ್ರು.

ವಾಕಡ್ ಧಾರವಾಡಿ
ಗುರುವಾರ, ಸಂಜೆ 6:30

ಅದ ಗಾಡಿ. ಅಕ್ಕಾ, ಅರ್ಜಿಗೆ ಈ ಜಾಹೀರಾತೂ ಸೇರಸ್ರಿ, ಮಡಗಾಂವ್ ಅಣ್ಣಾ ಸ್ಕ್ರೀನ್‌ಶಾಟ್ ಇಟ್ಕೊಂಡಿರ್ರಿ.

ಠಾಣೆ ಮಾಣಿ
ಗುರುವಾರ, ರಾತ್ರಿ 8:00

ಧಾರವಾಡಿ, ನಿಮಗೆ ಬೇಜಾರಾಗುದು ಬೇಡ. ನಮ್ಮ ಮಾವನದ್ದೊಂದು ಲೀನಿಯಾ ಟಿ-ಜೆಟ್ ಮುಲುಂಡಲ್ಲಿ ಉಂಟು, 114 ಪಿಎಸ್, ಹೊಸದ್ರಿಂದ ಒಬ್ಬನೇ ಓನರ್, ಈಗ ವಯಸ್ಸಾಯ್ತು ಕ್ಲಚ್ ಒತ್ಲಿಕ್ಕೆ ಆಗುದಿಲ್ಲ ಅಂತ ಕೊಡ್ತಾರಂತೆ. ಆರ್‌ಎಸ್ ಅಲ್ಲ ನಿಜ, ಆದ್ರೆ ಟರ್ಬೋ. ಫೋಟೋ ಕಳಿಸ್ಲಾ?

ವಾಕಡ್ ಧಾರವಾಡಿ
ಗುರುವಾರ, ರಾತ್ರಿ 8:03

ಮೊದ್ಲ ಚಾಸಿ ಪ್ರಿಂಟ್ ಕಳಸ್ರಿ, ಪೆನ್ಸಿಲ್‌ದು. ಗಾಡಿ ಫೋಟೋ ಆಮ್ಯಾಲೆ ನೋಡೂಣು.